ತಿಪ್ಪೇಸ್ವಾಮಿಯ ಬಲಗಿವಿ

ತಿಪ್ಪೇಸ್ವಾಮಿಯ ಬಲಗಿವಿ ಕೆಡಿಸಿದವನು ನಾನು. ಆ ಆಟೋದವನಲ್ಲ. ಹನ್ನೆರಡು ವರ್ಷಗಳಿಂದ ಜಗಳೂರಿನಲ್ಲಿ, ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಚನ್ನಗಿರಿಯ ನನ್ನ ಮನೆಯಲ್ಲೂ ಎಲ್ಲರೂ ನಂಬಿಕೊಂಡಿರುವ ಕಥೆ ನಾನು ಹುಟ್ಟಿಸಿದ್ದು. ಅದಕ್ಕೆ ಬೇಕಾದದ್ದು ಎರಡು ಮಾತು, ಒಂದು ಬೆರಳು. ಉಳಿದದ್ದನ್ನು ನನ್ನ ಗೆಳೆಯರ ಕೈಕಾಲುಗಳೇ ಮಾಡಿ ಮುಗಿಸಿದವು.

ನಾವು ನಾಲ್ವರು ದಾವಣಗೆರೆಯಲ್ಲಿ ಒಟ್ಟಿಗೆ ಐಟಿಐ ಓದಿದವರು — ಡೀಸೆಲ್ ಮೆಕ್ಯಾನಿಕ್. ಹೊನ್ನಾಳಿಯ ಹಾಲೇಶ, ನ್ಯಾಮತಿಯ ರುದ್ರೇಶ, ಜಗಳೂರಿನ ತಿಪ್ಪೇಸ್ವಾಮಿ, ಚನ್ನಗಿರಿಯ ಬಸವರಾಜ, ಅಂದರೆ ನಾನು. ಓದು ಮುಗಿದ ಮೇಲೂ ಒಂದು ಪದ್ಧತಿ ಬಿಡಲಿಲ್ಲ. ಮೆಕ್ಕೆಜೋಳದ ಸುಗ್ಗಿ ಮುಗಿದು ಟ್ರ್ಯಾಕ್ಟರುಗಳು ಸುಮ್ಮನೆ ನಿಂತ ಮೇಲೆ, ವರ್ಷಕ್ಕೊಮ್ಮೆ ನಾಲ್ವರೇ ರೈಲು ಹತ್ತಿ ಯಾವುದಾದರೂ ಪಟ್ಟಣ ನೋಡಿ ಬರುವುದು. ಅವರು ಮೂವರೂ ಗ್ಯಾರೇಜು ನಡೆಸುತ್ತಿದ್ದರು. ನಾನೂ ಒಂದು ಇಟ್ಟಿದ್ದೆ, ಎರಡೇ ವರ್ಷಕ್ಕೆ ಬಾಗಿಲು ಹಾಕಿದೆ. ನನ್ನ ಕೈಯಲ್ಲಿ ಇಂಜಿನ್ ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಕೂಡಿಕೊಳ್ಳುತ್ತಿರಲಿಲ್ಲ. ಆಮೇಲೆ ಬಿಡಿಭಾಗ ಮಾರುವ ಅಂಗಡಿ ಹಾಕಿ, ನಾನೂ ಮೆಕ್ಯಾನಿಕ್ಕೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ತಿಪ್ಪೇಸ್ವಾಮಿಯದು ಕಿವಿಯ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಹಳೆಯ ಮೇಸ್ತ್ರಿಗಳೆಲ್ಲ ಹಾಗೆ ಮಾಡುತ್ತಾರೆ. ಇವನು ಮಾತ್ರ ಅರ್ಧ ನಿಮಿಷದಲ್ಲಿ ರೋಗ ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಮಂದವಾಗಿತ್ತು. ಅವನ ಮನೆಗೆ ಅನ್ನ ಹಾಕುತ್ತಿದ್ದದ್ದು ಬಲಗಿವಿ. ಅದು ನನಗೆ ಗೊತ್ತಿತ್ತು — ಇದನ್ನು ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಬಾರದು.

ಆ ವರ್ಷ ಮೈಸೂರು. ಅರಮನೆ, ಮೃಗಾಲಯ ನೋಡಿ, ಬೆಟ್ಟಕ್ಕೆಂದು ಒಂದು ಆಟೋ ಮಾಡಿಕೊಂಡೆವು. ಅರ್ಧ ಬೆಟ್ಟ ಏರುವಷ್ಟರಲ್ಲಿ ಇಂಜಿನ್ನಿನಿಂದ ಕರಕರ ಸದ್ದು ಬಂತು. ಡ್ರೈವರು ನಮ್ಮದೇ ವಯಸ್ಸಿನವನು, ಗಾಬರಿಯಾಗಿ ದೊಡ್ಡ ನಂದಿಯ ಹತ್ತಿರ ಗಾಡಿ ನಿಲ್ಲಿಸಿದ. ನಾನು ಮುನ್ನುಗ್ಗಿದೆ. "ಬೇರಿಂಗ್ ಹೋಗೈತೆ. ಇಂಜಿನ್ ಇಳಿಸಾಕೇ ಬೇಕು" ಎಂದೆ, ದೊಡ್ಡ ಡಾಕ್ಟರನ ಠೀವಿಯಲ್ಲಿ. ಡ್ರೈವರಿನ ಮುಖ ಬಿಳುಪೇರಿತು. ತಿಪ್ಪೇಸ್ವಾಮಿ ಅವನಿಂದಲೇ ಸ್ಕ್ರೂಡ್ರೈವರು ಇಸಿದುಕೊಂಡು ಕಿವಿಗಿಟ್ಟ. "ಒಳಗೇನೂ ಆಗಿಲ್ಲ ಬಿಡ್ರಿ. ಫ್ಯಾನಿನ ಕವರಿಂದು ಬೋಲ್ಟ್ ಸಡ್ಲ ಆಗೈತೆ." ಒಂದೇ ಒಂದು ಬೋಲ್ಟು ತಿರುವಿದ, ಸದ್ದು ನಿಂತಿತು.

ಡ್ರೈವರು ಚಪ್ಪಾಳೆ ಹೊಡೆದು ನಕ್ಕ. "ಈ ಸಾರ್ ಕಿವೀಗೆ ಕೈ ಮುಗೀಬೇಕು. ನೀವು ನನ್ನ ಇಂಜಿನ್ನೇ ಇಳಿಸ್ಬಿಡ್ತಿದ್ರಲ್ಲ ಸಾ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಲೇಶ, ರುದ್ರೇಶ ನಂದಿಯ ಮುಂದೆ ಫೋಟೋ ತೆಗೆಸಿಕೊಳ್ಳಲು ಹೋದರು. ನಾನೂ ತಿಪ್ಪೇಸ್ವಾಮಿಯೂ ಪಕ್ಕದ ಮೆಟ್ಟಿಲ ಮೇಲೆ ನಿಂತಿದ್ದೆವು. ಅವನು ಇನ್ನೂ ನಗುತ್ತಲೇ ಇದ್ದ. "ಅಂಗಡಿ ಹಾಕಿದ್ದೇ ಒಳ್ಳೇದಾತು ಬಿಡ್ಲೇ ಬಸ್ಯಾ. ಇಲ್ಲಾಂದ್ರೆ ನಿನ್ನ ಕೈಯಾಗೆ ಎಷ್ಟು ಇಂಜಿನ್ ಸಾಯ್ತಿದ್ವೋ!"

ಗೆಳೆಯನ ಮಾತು. ಐಟಿಐ ದಿನಗಳಿಂದ ಇದಕ್ಕಿಂತ ಕಟುವಾಗಿ ಆಡಿಕೊಂಡವರು ನಾವು. ಆದರೆ ನನ್ನ ಕೈ ಎದ್ದಿತು. ಅಂಗೈ ಅಗಲಿಸಿ ಬಾರಿಸಿದೆ, ಬಲಗಿವಿಯ ಮೇಲೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಒಂದೇ ಏಟು, ಸಿಟ್ಟಿನಲ್ಲಿ ಬಿದ್ದುಹೋಯಿತು ಎಂದು. ಸುಳ್ಳು. ಮೂರು ಏಟು. ಎರಡನೆಯದಕ್ಕೆ ಅವನು ಮೆಟ್ಟಿಲ ಮೇಲೆ ಕುಸಿದ. ಮೂರನೆಯದು, ಕುಸಿದು ಕುಳಿತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡವನ ಕೈ ಕಿತ್ತು ಹೊಡೆದದ್ದು. ಅದೇ ಕಿವಿಗೆ. ಬೇರೆಲ್ಲಿಗೂ ಅಲ್ಲ, ಅಲ್ಲಿಗೇ ಬೀಳಬೇಕಿತ್ತು ನನಗೆ —

ಕಿವಿಯಿಂದ ರಕ್ತ ಸಣ್ಣಗೆ ಇಳಿದು ಅಂಗಿಯ ಕಾಲರಿಗೆ ತಾಗಿತು.

ಗೆಳೆಯರಿಬ್ಬರೂ ಓಡಿ ಬಂದರು. "ಏನಾತ್ಲೇ? ಯಾರು ಹೊಡೆದೋರು?" ಎಂದು ಹಾಲೇಶ ಕೂಗಿದ. ಡ್ರೈವರು ರಸ್ತೆಯ ಆಚೆ ಬದಿ ಆಟೋದ ಗಾಜು ಒರೆಸುತ್ತ ನಿಂತಿದ್ದ, ಬಾಯಲ್ಲಿ ಯಾವುದೋ ಹಾಡು. ನಾನು ಬೆರಳು ತೋರಿಸಿದೆ.

"ಆ ಆಟೋದೋನು."

ಹಾಲೇಶ ಹೊನ್ನಾಳಿ ಸೀಮೆಯ ಹೋರಿ ಹಬ್ಬಗಳಲ್ಲಿ ಓಡುವ ಹೋರಿಯ ಕೊರಳಿಗೆ ಬಿದ್ದು ಕೊಬ್ಬರಿ ಸರ ಕಿತ್ತವನು. ಅವನ ಮೊದಲ ಗುದ್ದಿಗೇ ಡ್ರೈವರಿನ ಬಾಯಿ ಒಡೆಯಿತು. ರುದ್ರೇಶ ಹೊಟ್ಟೆಗೆ ಒದ್ದ. ಬೆಟ್ಟ ನೋಡಲು ಬಂದಿದ್ದ ನಾಲ್ಕಾರು ಜನ, ಏನು ಎತ್ತ ಎಂದು ಕೇಳದೆ, ತಾವೂ ಎರಡೆರಡು ಹಾಕಿದರು. ನಾನು ದೂರ ನಿಂತಿದ್ದರೆ ಅನುಮಾನ ಬರುತ್ತಿತ್ತು — ಆದ್ದರಿಂದ ನಾನೂ ಹೋದೆ. ಅವನ ಕೂದಲು ಹಿಡಿದು ಮುಖವನ್ನು ಆಟೋದ ಕಬ್ಬಿಣಕ್ಕೆ ಗುದ್ದಿಸಿದೆ. "ಯಾಕೆ ಸಾ? ನಾನೇನ್ ಮಾಡ್ದೆ ಸಾ?" ಎಂದು ಕೇಳುತ್ತಲೇ ಇದ್ದ, ನನ್ನನ್ನೇ ನೋಡಿ. ನೆಲಕ್ಕೆ ಬಿದ್ದವನ ಬಲಗೈಯನ್ನು ರುದ್ರೇಶ ಬೂಟುಗಾಲಲ್ಲಿ ತುಳಿದ. ಲಟಕ್ಕೆಂದಿತು. ಆ ಸದ್ದು ಯಾವುದೆಂದು ತಿಳಿಯಲು ನನಗೂ ಕಷ್ಟವಾಗಲಿಲ್ಲ.

ತಿಪ್ಪೇಸ್ವಾಮಿ ಮೆಟ್ಟಿಲ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ. ಊರು ಮುಟ್ಟುವವರೆಗೂ ಆಡಲಿಲ್ಲ. ತಲೆ ತಿರುಗಿ ಏನೂ ತಿಳಿದಿರಲಿಕ್ಕಿಲ್ಲ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಕಿವಿ ಮರಳಲಿಲ್ಲ. ಅವನ ಗ್ಯಾರೇಜಿನ ಜಾಗದಲ್ಲಿ ಈಗ ಪಂಚರ್ ಅಂಗಡಿ. ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿದರೆ ಸಾಕು, ಏನನ್ನೂ ಕೇಳಬೇಕಿಲ್ಲ.

ನಮ್ಮ ತಿರುಗಾಟ ಮಾತ್ರ ನಿಲ್ಲಲಿಲ್ಲ. ಹಂಪಿ, ವಿಜಯಪುರ ಎಂದು ನಾವು ಏನೇ ಹೇಳಲಿ, ಪ್ರತಿ ವರ್ಷ ತಿಪ್ಪೇಸ್ವಾಮಿಯದು ಒಂದೇ ಹಟ, ಮೈಸೂರು. "ಅರಮನೆ ಇವ್ರಪ್ಪಂದು, ಬಾಡಿಗೆ ವಸೂಲಿಗೆ ಹೊಕ್ಕಾನೆ" ಎಂದು ಹಾಲೇಶ ಛೇಡಿಸುತ್ತಿದ್ದ. ಅಲ್ಲಿ ಇಳಿದೊಡನೆ ತಿಪ್ಪೇಸ್ವಾಮಿ ನಮ್ಮನ್ನು ಬಿಟ್ಟು ಅರ್ಧ ದಿನ ಎಲ್ಲಿಗೋ ಹೋಗುತ್ತಿದ್ದ. ಕಿವಿಯ ಡಾಕ್ಟರ ಬಳಿ ಇರಬೇಕೆಂದುಕೊಂಡು ನಾವು ಕೇಳುತ್ತಿರಲಿಲ್ಲ. ಹಾಲೇಶ, ರುದ್ರೇಶ ಊಟಕ್ಕೆ ಕುಳಿತಾಗ, ಆ ಆಟೋದವನಿಗೆ ಹೇಗೆ ಬುದ್ಧಿ ಕಲಿಸಿದೆವು ಎಂದು ಮೀಸೆ ತಿರುವುತ್ತಿದ್ದರು. ನಾನು ಹೂಂಗುಟ್ಟುತ್ತ ಅನ್ನ ಕಲಸುತ್ತಿದ್ದೆ. ಥೂ, ನನ್ನ ಜನ್ಮಕ್ಕೆ!

ಹೋದ ತಿಂಗಳು ಜಗಳೂರಿಗೆ ಒಬ್ಬನೇ ಹೋದೆ. ಯಾಕೆ ಆಗಲೇ ಹೋದೆ, ಹನ್ನೆರಡು ವರ್ಷ ಯಾಕೆ ಹೋಗಲಿಲ್ಲ — ಸರಿಯಾಗಿ ಹೇಳಲಾರೆ. ಅವನು ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಎಡಗಡೆ ಕುಳಿತು, ಆ ಮಂದ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. "ತಿಪ್ಪಾ, ಅವತ್ತು ನಿನಗೆ ಹೊಡೆದೋನು ನಾನು."

ಅವನು ಟ್ಯೂಬಿನಿಂದ ಕಣ್ಣು ತೆಗೆಯಲಿಲ್ಲ. "ಹೊಡೆಸ್ಕೊಂಡೋನಿಗೆ ಬಂದು ಹೇಳಾಕೆ ಇಷ್ಟು ವರ್ಷ ಬೇಕಾತೇನ್ಲೇ?"

ಆಮೇಲೆ ಟ್ಯೂಬು ಬದಿಗಿಟ್ಟ. "ನೀನು ಬೆಟ್ಟು ತೋರ್ಸಿದ್ದು ಕಂಡೆ. ಅಲ್ಲ ಅಂತ ಒಂದು ಮಾತು ಅಂದಿದ್ರೆ ಅವನ ಕೈ ಉಳೀತಿತ್ತು. ನನ್ನ ಬಾಯಿ ಏಳ್ಲಿಲ್ಲ. ನಾ ಮೈಸೂರಿಗೆ ಹೋಗ್ತಿದ್ದುದು ಅವನನ್ನ ಹುಡುಕಾಕೆ. ಒಂದೊಂದೇ ಆಟೋ ಸ್ಟ್ಯಾಂಡಿನಾಗೆ ಕೇಳ್ತಾ ಹೋದೆ. ಮೂರು ವರ್ಷದ ಹಿಂದೆ ಸಿಕ್ಕ, ಆಮೇಲೆ ಪ್ರತಿ ಸಲ ಹೋಗಿ ನೋಡ್ಕೊಂಡು ಬರ್ತೀನಿ. ಮಾದೇವ ಅಂತ. ಎರಡು ಬೆರಳು ಮಡಚಾಕೆ ಬರಲ್ಲ, ಹ್ಯಾಂಡಲ್ ತಿರುವಾಕೆ ಆಗಲ್ಲ. ದೇವಸ್ಥಾನದತ್ರ ಚಪ್ಪಲಿ ಕಾಯ್ತಾನೆ. ನನ್ನ ತಪ್ಪು ನಾ ಒಪ್ಕೊಂಡು ಬಂದೀನಿ."

"ನನ್ನ ವಿಷಯ ಏನಂದ?"

"ಆ ಸಾರ್ ಯಾಕೆ ಹಂಗೆ ಮಾಡಿದ್ರು ಅಂತ ಕೇಳ್ದ. ನನಗೇನು ಗೊತ್ತು? ಹೋಗಿ ನೀನೇ ಹೇಳು."

ಬರುವ ತಿಂಗಳು ಮೈಸೂರಿಗೆ ಹೊರಟಿದ್ದೇವೆ, ನಾಲ್ವರೂ. ಈ ಸಲ ಊರು ಆರಿಸಿದವನು ನಾನು. ಹಾಲೇಶನಿಗೂ ರುದ್ರೇಶನಿಗೂ ಇನ್ನೂ ಹೇಳಿಲ್ಲ. ತಪ್ಪಿಲ್ಲದವನ ಕೈ ಮುರಿದೆವೆಂದು ಅವರಿಗೆ ತಿಳಿಯಬೇಕಾದದ್ದು ಮಾದೇವನ ಎದುರಿಗೇ. ಅಲ್ಲೇ ಹಾಲೇಶನ ಮುಷ್ಟಿ ನನ್ನ ಮುಖಕ್ಕೆ ಬಿದ್ದರೆ ಕೈ ಅಡ್ಡ ತರುವುದಿಲ್ಲ. ಬಿದ್ದರೂ ಅದರಿಂದ ಏನೂ ತೀರುವುದಿಲ್ಲ, ಅದೂ ಗೊತ್ತು. ನನಗೆ ಭಯ ಆ ಮುಷ್ಟಿಯದಲ್ಲ. ಚಪ್ಪಲಿಗಳ ನಡುವೆ ಕುಳಿತವನು ತಲೆಯೆತ್ತಿ ಮತ್ತೆ "ಯಾಕೆ ಸಾ?" ಎನ್ನುತ್ತಾನೆ. ನೀನು ನಕ್ಕೆ ಮಾದೇವ, ಅದಕ್ಕೇ — ಇಷ್ಟನ್ನು ಅವನ ಕಣ್ಣು ನೋಡಿ ಹೇಳಬೇಕು. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ನನ್ನ ಬಳಿ ಇಲ್ಲ.