ಅಕ್ಕನ ಹಾಸಿನ ಡ್ರಮ್ಮಿಗೆ ಸರ್ವೋ ಮೋಟಾರು

ಅಕ್ಕನ ಬಲಭುಜ ಹಿಡಿದುಕೊಂಡ ವರ್ಷವೇ ನಾನು ಮನೆಯ ಊಟದ ಮೇಜಿನ ಮೇಲೆ ಸರ್ವೋ ಡ್ರೈವ್ ಇಟ್ಟುಕೊಂಡು ಕುಳಿತದ್ದು. ಅಕ್ಕ ಇಳಕಲ್ಲಿನಲ್ಲಿ ಸೀರೆಗಳಿಗೆ ಹಾಸು ಸಿದ್ಧ ಮಾಡುತ್ತಾಳೆ. ನೇಯುವ ಮೊದಲು ಉದ್ದುದ್ದದ ರೇಷ್ಮೆ ಎಳೆಗಳನ್ನು ಒಟ್ಟಿಗೆ ಜೋಡಿಸಿ ಆಳೆತ್ತರದ ಮರದ ಡ್ರಮ್ಮಿಗೆ ಸುತ್ತುವ ಕೆಲಸ ಅದು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಡ್ರಮ್ಮನ್ನು ಕೈಯಿಂದಲೇ ತಿರುಗಿಸಿದ್ದಳು. ಕೈಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದಾಗ ಹೂಂ ಎಂದು ಮನೆಗೆ ಬಂದವಳು, ಮರುದಿನದಿಂದ ಎಡಗೈಯಲ್ಲಿ ತಿರುಗಿಸತೊಡಗಿದಳು.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದೇನೆ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಎಲೆಕ್ಟ್ರಿಕಲ್ ಪಾಠ ಹೇಳುತ್ತೇನೆ. ಡ್ರಮ್ಮಿಗೆ ಒಂದು ಮೋಟಾರು ಕೂಡಿಸಿದರಾಯಿತು ಎಂದು ಎಲ್ಲರೂ ಹೇಳಿದರು. ಆದರೆ ಸಾದಾ ಮೋಟಾರು ಒಮ್ಮೆಲೇ ಜಗ್ಗುತ್ತದೆ, ರೇಷ್ಮೆ ಅದನ್ನು ತಾಳುವುದಿಲ್ಲ. ಎಷ್ಟು ವೇಗ, ಎಷ್ಟು ಸುತ್ತು, ಎಲ್ಲಿ ನಿಲ್ಲಬೇಕು ಎಂದು ಹೇಳಿದರೆ ಹೇಳಿದಷ್ಟನ್ನೇ ಮಾಡುವುದು ಸರ್ವೋ ಮೋಟಾರು. ಅದಕ್ಕೆ ಅಪ್ಪಣೆ ಕೊಡುವ ಪೆಟ್ಟಿಗೆಯೇ ಡ್ರೈವ್. ಮುಚ್ಚಿಹೋದ ಗ್ರಾನೈಟ್ ಕಾರ್ಖಾನೆಯೊಂದರ ಯಂತ್ರದಿಂದ ಬಿಚ್ಚಿಟ್ಟಿದ್ದ ಒಂದು ಜೋಡಿ ನನಗೆ ಸಿಕ್ಕಿತು. ಕಲ್ಲಿನ ಪುಡಿ ಮೆತ್ತಿಕೊಂಡು ಎರಡೂ ಬೂದಿ ಬಡಿದಂತೆ ಇದ್ದವು. ನನಗೆ ಮಾತ್ರ ಅವು ನಡೆಯುತ್ತವೆ ಎಂಬುದರಲ್ಲಿ ಸಂಶಯವಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೋಟಾರನ್ನು ಮೇಜಿಗೆ ಕ್ಲಾಂಪಿನಿಂದ ಬಿಗಿದೆ. ಮೊದಲು ಅರ್ಥಿಂಗ್ ತಂತಿ, ಆಮೇಲೆ ಉಳಿದವು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನ್ನ ಗಂಡನನ್ನು ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲಿಸಿ, ನಾನು ಕೈ ಎತ್ತಿದ ಕೂಡಲೇ ಆರಿಸಬೇಕೆಂದು ಹೇಳಿದೆ. ವರ್ಷಗಟ್ಟಲೆ ಸುಮ್ಮನೆ ಬಿದ್ದ ಡ್ರೈವಿಗೆ ಒಮ್ಮೆಗೇ ಪೂರಾ ಕರೆಂಟು ಕೊಡಬಾರದೆಂದು ತಂತಿಯ ನಡುವೆ ಒಂದು ದೊಡ್ಡ ಬಲ್ಬು ಕೂಡಿಸಿದ್ದೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ. ಅದು ಭಗ್ಗೆಂದು ಹೊತ್ತಿ, ನಿಧಾನವಾಗಿ ಮಂಕಾಯಿತು. ಡ್ರೈವಿನ ಪುಟ್ಟ ಪರದೆಯಲ್ಲಿ ಅಂಕಿಗಳು ಮೂಡಿದವು. ಬಲ್ಬು ತೆಗೆದು ನೇರ ಕರೆಂಟು ಕೊಟ್ಟೆ.

ಮೋಟಾರಿಗೆ ಅಪ್ಪಣೆ ಕೊಟ್ಟ ಕೂಡಲೇ ಪರದೆಯ ಮೇಲೆ ತಪ್ಪಿನ ಸಂಕೇತ ಬಂತು. ಮೇನ್ ಆರಿಸಿ ಎಂದು ಕೈ ಎತ್ತಿದೆ. ಆರಿಸಿ ಬಂದವರು ಅರಿವೆ ತೆಗೆದುಕೊಂಡು ತಂತಿ ಕೂಡಿಸಿದ ಕಡೆಯ ಧೂಳು ಒರೆಸಲು ಕೈ ಚಾಚಿದರು. ನಾನು ಆ ಕೈಗೆ ಒಂದೇಟು ಕೊಟ್ಟೆ.

"ಡ್ರೈವಿನ ಕೆಂಪು ದೀಪ ಇನ್ನೂ ಐತಿ, ಕಾಣವಲ್ದೇನ್ರಿ? ಮೇನ್ ತೆಗದ್ರೂ ಒಳಗ ಕರೆಂಟ್ ಉಳದಿರ್ತೈತಿ."

ಅವರು ಕೈ ಉಜ್ಜಿಕೊಳ್ಳುತ್ತ ಕುರ್ಚಿಯಲ್ಲಿ ಕುಳಿತರು. ಇಬ್ಬರೂ ಆ ದೀಪ ಆರುವುದನ್ನೇ ನೋಡಿದೆವು.

ಕಾರಣ ಕೈಪಿಡಿಯಲ್ಲಿ ಸಿಕ್ಕಿತು. ಕಾರ್ಖಾನೆಯಲ್ಲಿದ್ದದ್ದು ಮೂರು ಫೇಸ್, ನಮ್ಮ ಮನೆಯಲ್ಲಿರುವುದು ಒಂದೇ. ಉಳಿದೆರಡು ಎಲ್ಲಿ ಎಂದು ಡ್ರೈವ್ ಕೇಳುತ್ತಿತ್ತು. ಇದು ಒಂದು ಫೇಸಿನಲ್ಲೂ ನಡೆಯುವ ಜಾತಿ. ಹಾಗೆಂದು ಒಂದು ಅಂಕಿ ಬದಲಿಸಿ ತಿಳಿಸಬೇಕಿತ್ತು ಅಷ್ಟೇ. ಬದಲಿಸಿ ಮತ್ತೆ ಹಚ್ಚಿದೆ. ಮೋಟಾರಿನ ದಂಡ ಸದ್ದೇ ಇಲ್ಲದೆ ತಿರುಗಿ, ಹೇಳಿದಲ್ಲಿ ನಿಂತಿತು. ನಿಂತ ಮೇಲೆ ಇಕ್ಕಳದಿಂದ ಹಿಡಿದು ತಿರುವಿದರೂ ಜಪ್ಪಯ್ಯ ಎನ್ನಲಿಲ್ಲ. ಥೇಟ್ ನಿನ್ನಂಗೇ ಐತಿ ಎಂದರು ಗಂಡ. ಏಟಿಗೆ ಏಟು ಸರಿಹೋಯಿತು.

ಮುಂದಿನ ವಾರ ಗುಡೂರಿನ ಮೇಲೆ ಹಾಯ್ದು ಇಳಕಲ್ಲಿಗೆ ಹೋದೆವು. ಬೆಲ್ಟು ಹಾಕಿ ಮೋಟಾರನ್ನು ಡ್ರಮ್ಮಿಗೆ ಕೂಡಿಸಿದೆ. ಅಕ್ಕ ಉಳಿಕೆ ನೂಲಿನ ಒಂದು ಹಾಸು ಕಟ್ಟಿಕೊಟ್ಟಳು. ನಾನು ಬಟನ್ ಒತ್ತಿದೆ. ಏಳೆಂಟು ಎಳೆ ಟಪಟಪ ಹರಿದವು. ವೇಗ ಅರ್ಧ ಮಾಡಿದೆ, ಮತ್ತೆ ಹರಿದವು. ಅಕ್ಕ ಪ್ರತಿ ಸಲವೂ ಹರಿದ ಎಳೆಗಳಿಗೆ ಗಂಟು ಹಾಕಿದಳು. ನಾಲ್ಕನೆಯ ಸಲ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ವೇಗದ್ದಲ್ಲ ತಪ್ಪು. ನಾ ಸುರು ಮಾಡಿದ್ದು ಎಳಿಗೆ ಗೊತ್ತಾಗಬಾರದು. ನೋಡು."

ಬೆಲ್ಟು ಬಿಚ್ಚಿಸಿ ಎಡಗೈಯಿಂದ ಡ್ರಮ್ಮು ತಿರುಗಿಸಿ ತೋರಿಸಿದಳು. ಮೊದಲು ಅಂಗೈಯ ಭಾರ ಮಾತ್ರ ಬಿಟ್ಟಳು. ಡ್ರಮ್ಮು ಅಲುಗಿತೋ ಇಲ್ಲವೋ ಎನ್ನುವಷ್ಟು. ಸಡಿಲು ಎಳೆಗಳೆಲ್ಲ ಬಿಗಿಯಾದ ಮೇಲೆ ವೇಗ ಹೆಚ್ಚಿಸಿದಳು. ನಿಲ್ಲಿಸುವಾಗಲೂ ಹಾಗೆಯೇ, ಉಲ್ಟಾ. ನಾನು ಗಡಿಯಾರ ಹಿಡಿದು ಅವಳ ಕೈ ಅಳೆದೆ. ಐದು ಸಲ ಅಳೆದರೂ ಕಾಲ ಹೆಚ್ಚುಕಡಿಮೆ ಒಂದೇ. ವೇಗ ಏರುವ ರೀತಿಯನ್ನು ತಿದ್ದುವ ಅಂಕಿಗಳು ಡ್ರೈವಿನಲ್ಲಿ ಇದ್ದೇ ಇದ್ದವು; ಕೈಪಿಡಿಯಲ್ಲಿ ಓದಿಯೂ ನಾನು ಅವನ್ನು ಮುಟ್ಟಿರಲಿಲ್ಲ. ಅಕ್ಕನ ಕೈಯ ಲೆಕ್ಕವನ್ನು ಅವುಗಳಲ್ಲಿ ತುಂಬಿದೆ.

ಈ ಸಲ ಒಂದೂ ಎಳೆ ಹರಿಯಲಿಲ್ಲ. ಅಕ್ಕ ಆಗಲೂ ಮುಖದ ಬಿಗಿ ಸಡಿಲಿಸಲಿಲ್ಲ. ನಿಲ್ಲಿಸುವ ದೊಡ್ಡ ಕೆಂಪು ಬಟನ್ ತನ್ನ ಎಡಗೈಗೆ ಎಟುಕುವಲ್ಲಿ ಬೇಕೆಂದಳು. ಹಾಕಿಕೊಟ್ಟೆ. ಅಂದೇ ಸಂಜೆಯೊಳಗೆ ಖರೇ ರೇಷ್ಮೆಯ ಹಾಸೊಂದನ್ನು ಸುತ್ತಿ ಮುಗಿಸಿ, ಹೊರಗೆ ಬಂದು ನಮಗೆಲ್ಲ ಚಹಾ ಮಾಡಿದಳು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಡಿದಳು.

ಅಂಕಿ ಬದಲಿಸುವುದನ್ನು ಆಗಲೇ ಕಲಿತಿದ್ದಳು. ಈಗ ಫೋನ್ ಮಾಡಿ ನನ್ನನ್ನು ಏನೂ ಕೇಳುವುದಿಲ್ಲ, ಹೇಳುತ್ತಾಳೆ. ಹೋದ ವಾರ ಹತ್ತಿಯ ಹಾಸು ಬಂದಿತ್ತಂತೆ.

"ಹತ್ತಿಗೆ ನೀ ಇಟ್ಟಿದ್ದು ಭಾಳ ನಿಧಾನ ಆಗ್ತೈತಿ. ನಾ ಬದಲಿ ಮಾಡೀನಿ."

ಎಷ್ಟಕ್ಕೆ ಇಟ್ಟೆ ಎಂದು ಕೇಳಿ ಬರೆದುಕೊಂಡೆ. ಸೋಮವಾರ ತರಗತಿಯಲ್ಲಿ ಆ ಅಂಕಿಯನ್ನೇ ಹಲಗೆಯ ಮೇಲೆ ಬರೆದು ಪಾಠ ಶುರುಮಾಡಿದೆ.