ಮಣ್ಣಿಗೆ ಹೋದವರ ಗೈರುಹಾಜರಿ

ಮನುಷ್ಯನ ಬೆಲೆ ತಿಳಿಯುವುದು ಅವನು ಇಲ್ಲವಾದ ಮೇಲೆಯೇ. ಕೊಟ್ಟೂರಿನ ನಮ್ಮ ಹೊಲಿಗೆ ಘಟಕದಲ್ಲಿ ಅದು ಬೆಳಿಗ್ಗೆ ಒಂಬತ್ತೂಕಾಲಿಗೇ ತಿಳಿದುಬಿಡುತ್ತದೆ. ನಾನು ಮೈಸೂರಿನಿಂದ ಮೇಲ್ವಿಚಾರಕನಾಗಿ ಬಂದ ಮೊದಲ ವಾರವೇ ಒಂದು ದಿನ ಅರ್ಧಕ್ಕರ್ಧ ಯಂತ್ರಗಳ ಮುಂದೆ ಆಳಿರಲಿಲ್ಲ.

"ಓಣ್ಯಾಗ ಒಬ್ರು ತೀರ್ಕೊಂಡಾರ್ರಿ. ಎಲ್ಲಾರೂ ಮಣ್ಣಿಗೆ ಹೋಗ್ಯಾರ" ಎಂದ ಕಾವಲುಗಾರ. ಮಣ್ಣೆಂದರೆ ಇಲ್ಲಿ ಶವಸಂಸ್ಕಾರ.

ಹೇಳದೆ ಕೇಳದೆ ಕೆಲಸ ತಪ್ಪಿಸಿದರೆ ನಮ್ಮ ಮೈಸೂರು ಕಡೆ ಅದು ಚಕ್ಕರ್. ಕಂಪನಿಯ ಕಾಗದದಲ್ಲಿ ಅದೇ 'ಅನಧಿಕೃತ ಗೈರುಹಾಜರಿ' ಎಂದು ಕೋಟು ತೊಟ್ಟು ನಿಲ್ಲುತ್ತದೆ. ನಾವು ಸಾವಿಗೂ ರಜಾ ಅರ್ಜಿ ಬರೆಯುವವರು, ಅದರಲ್ಲೂ 'ದಯವಿಟ್ಟು' ಸೇರಿಸುವವರು. ಇಲ್ಲಿ ಸಿನಿಮಾಕ್ಕೆ ಹೋದರೆ ಚಕ್ಕರ್; ಓಣಿಯ ಹೆಣ ಏಳುವ ಮುನ್ನ ಕೆಲಸಕ್ಕೆ ಬಂದವರಿಗೆ ಇನ್ನೂ ಕೆಟ್ಟ ಹೆಸರಿದೆ.

ಬಾಡಿಗೆ ಮನೆ ಸಿಕ್ಕಿದ್ದು ನಮ್ಮ ಘಟಕದಲ್ಲಿ ಹೊಲಿಯುವ ಹನುಮಕ್ಕನ ಓಣಿಯಲ್ಲಿ. ಎದುರುಮನೆಯ ಈರಜ್ಜ ಮೊದಲ ದಿನವೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಳಿಸಿ, "ಪುಸ್ತಕ ಓದಿದಂಗ ಮಾತಾಡ್ತೀರಲ್ರಿ, ಪಾಪ" ಎಂದು ಮರುಗಿದ್ದರು.

ಕಳೆದ ತಿಂಗಳು ಈರಜ್ಜ ತೀರಿಕೊಂಡರು. ನಾನು ಬೆಳಿಗ್ಗೆಯೇ ಕೈಮುಗಿದು, ಕರ್ತವ್ಯ ಮುಗಿಯಿತೆಂದು ಘಟಕಕ್ಕೆ ಬಂದೆ. ಇನ್ನೊಮ್ಮೆ ಗೈರಾದರೆ ಕೆಲಸವಿಲ್ಲವೆಂಬ ನೋಟೀಸು ಹನುಮಕ್ಕನ ತಲೆಯ ಮೇಲಿತ್ತು. ಅವಳಿಗೆ ರಜೆ ಕೇಳಲು ಫೋನು ಮಾಡಿದರೆ ಹೆಡ್ಡಾಫೀಸಿನವರು ರಕ್ತಸಂಬಂಧಕ್ಕೆ ಮಾತ್ರ ರಜೆ ಎಂದರು. ಅಷ್ಟರಲ್ಲಿ ಅವಳೇ ಬಂದಳು.

"ಕೇಳಾಕ ಬಂದಿಲ್ರಿ ಸರ, ಹೇಳಾಕ ಬಂದೀನಿ. ಮಣ್ಣಿಗೆ ಹೊಂಟೀನಿ."

"ಅವರು ನಿಮಗೆ ಏನಾಗಬೇಕಮ್ಮ?"

"ನಮ್ಮ ಓಣ್ಯಾಗಿನ ಅಜ್ಜರಿ. ಇನ್ನೇನಾಗ್ಬೇಕು?"

"ಕೆಲಸ ಹೋಗುತ್ತದೆ."

"ಹೋಗ್ಲಿ ಬಿಡ್ರಿ. ನಾಳಿ ನಾ ಸತ್ರ ಹೊರಾಕ ಕಂಪನಿಯಾರು ಬರ್ತಾರೇನು?" ಎಂದಳಾದರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಮಗಳ ನರ್ಸಿಂಗ್ ಓದು ಈ ಯಂತ್ರದ ಮೇಲೆಯೇ ನಡೆದಿತ್ತು. ಆಮೇಲೆ ನನ್ನನ್ನು ದಿಟ್ಟಿಸಿ, "ನೀವೂ ಅದ ಓಣ್ಯಾಗ ಅದೀರಿ. ನೀವ್ಯಾಕ ಇಲ್ಲಿ ಕುಂತೀರಿ?" ಎಂದಳು.

ನಿಯಮಾವಳಿಯ ಪುಸ್ತಕ ಮುಚ್ಚಿ ಎದ್ದೆ. ಇಂದು ಘಟಕಕ್ಕೆ ರಜೆ ಎಂದು ಗಂಭೀರವಾಗಿ ಸಾರಿ ಬೀಗ ಹಾಕಿದೆ. ಮುಚ್ಚಿದ ಘಟಕಕ್ಕೆ ಯಾರೂ ಗೈರಾಗಲಾರರು. ಭಜನೆಯ ಹಿಂದೆ ನಡೆದು, ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

"ಮೈಸೂರಿನಾರು ಬಂದಾರಲೇ, ಜಾಗ ಬಿಡ್ರಿ" ಎಂದರು ಯಾರೋ.

ಹನುಮಕ್ಕನ ಕೆಲಸ ಉಳಿಯಿತು. ಅನುಮತಿಯಿಲ್ಲದೆ ಘಟಕ ಮುಚ್ಚಿದ ತಪ್ಪಿಗೆ ನನಗೆ ವರ್ಗವಾಯಿತು. ಬಂದಾಗಿನಿಂದ ನಾನು ಬೇಡಿಕೊಳ್ಳುತ್ತಿದ್ದ ಮೈಸೂರಿಗೇ. ಸೋಮವಾರ ಅಲ್ಲಿ ಹಾಜರಾಗಬೇಕಿತ್ತು. ಇಂದು ಬುಧವಾರ. ಕೊಟ್ಟೂರಿನಲ್ಲೇ, ನನಗೆ ಜಾಗ ಬಿಟ್ಟ ಓಣಿಯಲ್ಲೇ ಇದ್ದೇನೆ; ಮೈಸೂರಿನ ಕಾಗದದಲ್ಲಿ ಈಗ ನನ್ನದೇ ಅನಧಿಕೃತ ಗೈರುಹಾಜರಿ.