ಟೀವಿಯವರು ಕತ್ತರಿಸಿದ ಮಾತು

ನಾನು ಅನುಮಾನದ ಹೆಂಗಸು ಅಂತ ಕೊರಟಗೆರೆಯಲ್ಲಿ ನನ್ನ ಹತ್ರ ರವಿಕೆ ಹೊಲಿಸೋರಿಗೆಲ್ಲಾ ಗೊತ್ತು. ಒಂದು ಮೀಟರ್ ಬಟ್ಟೆ ಇದೆ ಅಂತ ಕೊಟ್ರೆ ಅವರ ಮುಂದೇನೇ ಅಳೀತೀನಿ. ಅಂಥೋಳು ಟೀವಿಯೋರು ತೋರಿಸಿದ್ದನ್ನೆಲ್ಲಾ ನಂಬ್ತೀನಾ? ಬೆಂಗಳೂರಲ್ಲಿ ರಂಗಭೂಮಿ ಪ್ರಶಸ್ತಿ ಸಮಾರಂಭ ಮಾಡಿ, ಅದನ್ನ ಮುಂದಿನ ಭಾನುವಾರ ಟೀವೀಲಿ ಹಾಕ್ತಾರಂತೆ. ನಡುವೆ ಅಷ್ಟು ದಿವಸ ಏನು ಮಾಡ್ತಾ ಕೂತಿದ್ರು ಅನ್ನೋದೇ ನನ್ನ ಮೊದಲನೇ ಪ್ರಶ್ನೆ.

ಆದ್ರೂ ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಡುಮನೇಲಿ ಟೀವಿ ಮುಂದೆ ಕೂತಿದ್ವಿ. ನಮ್ಮಪ್ಪ ಡ್ರಾಮಾ ಮೇಷ್ಟ್ರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಅವರ ಹಾರ್ಮೋನಿಯಂ ಮುಂದೆ ಕೂತು ಪೌರಾಣಿಕ ನಾಟಕ ಕಲೀದೇ ಇರೋ ಊರು ಕಮ್ಮಿ. ಆದ್ರೆ ಕಲಿತೋರು ಮೈಕ್ ಹಿಡಿದಾಗ ಅವರ ಹೆಸರು ಹೇಳಿದ್ದನ್ನ ನಾನು ಕೇಳಿಲ್ಲ. ನಾಟಕದ ದಿನ ಶಾಲು ಹೊದಿಸೋದು ಲೀಡರುಗಳಿಗೆ, ಹಾರ ಹಾಕೋದು ಕಂಟ್ರಾಕ್ಟರ್‌ಗೆ. ಮೇಷ್ಟ್ರು ಪಕ್ಕದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಹಿಂದೆ ಕೂತು ಬೆವರು ಒರೆಸ್ಕೊಂತಿರ್ತಾರೆ.

ಈ ಸಲ ಹಳ್ಳಿ ನಾಟಕದ ಒಳ್ಳೇ ನಟಿ ಅಂತ ಪ್ರಶಸ್ತಿ ಬಂದಿದ್ದು ನಮ್ಮನೇಲಿ ಕಲಿತ ಹುಡುಗಿಗೆ. ನಮ್ಮ ಕಡೆ ನಾಟಕದಲ್ಲಿ ಗಂಡು ಪಾತ್ರಕ್ಕೆಲ್ಲಾ ಊರೋರೇ ನಿಲ್ತಾರೆ, ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿಂದ ಕಲಾವಿದೆಯರನ್ನ ಕರೆಸ್ತಾರೆ. ಹಂಗೆ ಕರೆಸಿಕೊಳ್ಳೋರಲ್ಲಿ ಇವಳು ರಾಣಿ ಪಾತ್ರಕ್ಕೆ ಹೆಸರುವಾಸಿ. ಪಾವಗಡದೋಳು. ಚಿಕ್ಕೋಳಿದ್ದಾಗ ಬಂದು ನಮ್ಮನೇಲೇ ಉಂಡು ನಮ್ಮನೇಲೇ ಮಲಗಿ ಕಲಿತೋಳು. ಟೀವೀಲಿ ಅವಳು ಗುರುಗಳ ಹೆಸರು ಹೇಳೇ ಹೇಳ್ತಾಳೆ ಅಂತ ಅಪ್ಪ ಕಾಯ್ತಿದ್ರು. ಬಾಯಿಬಿಟ್ಟು ಹೇಳಲಿಲ್ಲ. ಆದ್ರೆ ಮದುವೆ ಮನೆಗೆ ಹಾಕೋ ಬಿಳಿ ಶರ್ಟ್ ಹಾಕ್ಕೊಂಡು, ಕುರ್ಚೀನ ಟೀವಿ ಹತ್ರಕ್ಕೆ ಎಳ್ಕೊಂಡಿದ್ರು.

ಜೊತೆಗೆ ಇನ್ನಿಬ್ಬರು ಇದ್ರು, ಅಪ್ಪನ ಹಳೇ ಶಿಷ್ಯರು. ನಮ್ಮನೇಲಿ ಶಿಷ್ಯರನ್ನ ಅವರು ಹಿಡಿಯೋ ಸಾಮಾನಿಂದಲೇ ಕರೆಯೋದು. ಕೊಳಾಲದಿಂದ ಬಂದೋರು ಗದೆ ಅಣ್ಣ, ಹೊಲ ಮಾಡ್ಕೊಂಡಿರೋರು, ಸ್ಟೇಜ್ ಹತ್ತಿದ್ರೆ ಹಲಗೆ ಅದುರ್ತವೆ. ಇನ್ನೊಬ್ಬರು ಶಿರಾದಲ್ಲಿ ಹಾಸಿಗೆ ಅಂಗಡಿ ಇಟ್ಟಿರೋ ಸಾಬರು. ಜೂಜಿನ ಸೀನಲ್ಲಿ ಪಗಡೆ ದಾಳ ಉಜ್ಜಿ ಉಜ್ಜಿ ಎಸೆಯೋದು ಅವರೇ, ಅದಕ್ಕೆ ದಾಳದ ಸಾಬರು.

ಕಾರ್ಯಕ್ರಮ ಶುರುವಾದ್ದೇ ತಡ, ದಾಳದ ಸಾಬರು ಮೂಗು ಮುರಿದ್ರು. ಮುಂದಿನ ಸಾಲಲ್ಲಿ ನೀಲಿ ಶಾಲಿನ ಮನುಷ್ಯ ಒಬ್ಬ ಚಪ್ಪಾಳೆ ತಟ್ಟಿ ಆಮೇಲೆ ಮೂಗು ಕೆರ್ಕೊಂತಾನೆ. ಲೈಟಿನೋರಿಗೆ ಪ್ರಶಸ್ತಿ ಕೊಟ್ಟಾಗಲೂ ತಟ್ಟಿದ, ಕೆರ್ಕೊಂಡ. ಬಣ್ಣ ಹಚ್ಚೋರಿಗೆ ಕೊಟ್ಟಾಗಲೂ ಅದೇ. ಒಂದೇ ಚಪ್ಪಾಳೆ ತಗೊಂಡು ಎಲ್ಲಾರಿಗೂ ಅಂಟಿಸ್ತಾವ್ರೆ, ಇದು ಧೋಖಾ ಅಂತ ಸಾಬರು ತೀರ್ಪು ಕೊಟ್ರು. ಗದೆ ಅಣ್ಣನಿಗೆ ಬೇರೆ ಅನುಮಾನ. ದೊಡ್ಡ ಪ್ರಶಸ್ತಿ ಸಿನಿಮಾದೋರಿಗೆ ಕೊಡಕ್ಕೆ ಮೊದಲೇ ಮಾತಾಗೈತೆ, ಜನ ಬಯ್ಯಬಾರದು ಅಂತ ನಮ್ಮ ಹುಡುಗೀನ ಕರೆದವ್ರೆ ಅಂದ್ರು. ನನಗೆ ಎರಡೂ ನಿಜ ಅನ್ನಿಸ್ತು.

ಅವಳು ಸ್ಟೇಜಿಗೆ ಬಂದ್ಲು. ಹಸಿರು ರೇಷ್ಮೆ ಸೀರೆ, ತಲೇಲಿ ಕನಕಾಂಬರ. ಹಾಡಿ ಅಂದಾಗ ಎರಡು ಸಾಲು ಹಾಡಿದ್ಲು. ಗದೆ ಅಣ್ಣ ಮೈಮರೆತು ಟೀವಿಗೇ ಒನ್ಸ್ ಮೋರ್ ಅಂತ ಕೂಗಿಬಿಟ್ರು. ನಾಟಕದಲ್ಲಿ ಹಂಗೆ ಕೂಗಿದ್ರೆ ತಿರುಗಿ ಹಾಡಲೇಬೇಕಲ್ಲ. ಟೀವೀಲಿ ಸೋಪಿನ ಅಡ್ವರ್ಟೈಸ್ ಬಂತು.

ಆಮೇಲೆ ಅವಳ ಕೈಗೆ ಮೈಕ್ ಕೊಟ್ರು. ಅಪ್ಪ ನನ್ನ ಕಡೆ ನೋಡಿ ಸೌಂಡ್ ಜಾಸ್ತಿ ಮಾಡು ಅಂತ ಸನ್ನೆ ಮಾಡಿದ್ರು. ಅವಳು ಎಲ್ಲರಿಗೂ ನಮಸ್ಕಾರ ಅಂದ್ಲು. ಪ್ರಶಸ್ತಿ ಕೊಟ್ಟೋರಿಗೆ ಧನ್ಯವಾದ ಅಂದ್ಲು. ಅಷ್ಟರಲ್ಲಿ ನಿರೂಪಕಿ ನಗ್ತಾ ಬಂದು ಇನ್ನೊಬ್ಬರ ಹೆಸರು ಕರೆದ್ಲು.

"ಮುಗೀತಾ?" ಅಂತ ಕೇಳಿದ್ರು ಅಪ್ಪ.

ಅವರು ಎದ್ದು ಒಳಗೆ ಹೋಗಿ ಶರ್ಟ್ ಬಿಚ್ಚಿ ಮೊಳೆಗೆ ಹಾಕಿ, ಬನಿಯನ್ನಲ್ಲೇ ಬಂದು ಕೂತ್ರು. ಗದೆ ಅಣ್ಣ ಅವಳನ್ನ ಉಂಡ ಮನೆ ಜಂತೆ ಎಣಿಸೋಳು ಅಂತ ಬೈದ್ರು. ನಾನೇನು ಕಮ್ಮಿ ಬಯ್ಯಲಿಲ್ಲ. ಬೆಂಗಳೂರಿಂದ ಬಂದು ಅಷ್ಟು ದಿನ ಆದ್ರೂ ಅವಳು ಫೋನ್ ಮಾಡಿರಲಿಲ್ಲ, ನಾನು ಮಾಡಿದ್ರೆ ಎತ್ತಿರಲಿಲ್ಲ. ಕೊಂಬು ಬಂದಿದೆ, ಮತ್ತೇನು ಅಂದೆ.

ಮಾರನೇ ದಿವಸ ನಡುಮನೆ ಮೂಲೇಲಿರೋ ಹೊಲಿಗೆ ಮಿಷನ್ ಮುಂದೆ ಕೂತು ಅದೇ ಕಾರ್ಯಕ್ರಮಾನ ಫೋನಲ್ಲಿ ತಿರುಗಿ ನೋಡಿದೆ. ಬಯ್ಯೋಕೆ ಇನ್ನೇನಾದ್ರೂ ಸಿಗುತ್ತಾ ಅಂತ ನೋಡಿದ್ದು, ಸುಳ್ಳು ಯಾಕೆ ಹೇಳಲಿ. ಆಗ ಕಣ್ಣಿಗೆ ಬಿತ್ತು. ನಮಸ್ಕಾರ ಅನ್ನೋವಾಗ ಅವಳ ಬಲಗೈ ಮೈಕಿನ ಮೇಲಿತ್ತು. ಧನ್ಯವಾದ ಅನ್ನೋ ಹೊತ್ತಿಗೆ ಆ ಕೈ ಕಿವಿಯಿಂದ ಕೆಳಗಿಳೀತಿತ್ತು. ಕಿವಿಗೆ ಯಾವಾಗ ಹೋಯ್ತು? ಹೋಗಿದ್ದು ಎಲ್ಲೂ ಇಲ್ಲ, ಇಳಿದಿದ್ದು ಮಾತ್ರ ಇದೆ. ಅಪ್ಪ ಹರೆಯದಲ್ಲಿ ಗದಗ, ಹುಬ್ಬಳ್ಳಿ ಕಡೆ ನಾಟಕ ಕಂಪನಿಗಳಲ್ಲಿ ಪೆಟ್ಟಿಗೆ ನುಡಿಸಿದೋರು. ಗುರುವಿನ ಹೆಸರು ಎತ್ತಿದ್ರೆ ಕಿವಿ ಮುಟ್ಟಿಕೊಳ್ಳೋ ರೂಢಿ ಅಲ್ಲಿಂದ ತಂದು ಶಿಷ್ಯರಿಗೆಲ್ಲಾ ಹೇಳಿಕೊಟ್ಟಿದ್ರು. ಹಂಗಾದ್ರೆ ಇವಳು ಹೆಸರು ಹೇಳಿದಾಳೆ. ಟೀವಿಯೋರು ಅದನ್ನ ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದಿದಾರೆ. ಹೊಲಿಗೆಯೋಳಿಗೆ ಹೊಲಿಗೆ ಕಾಣಲ್ವಾ!

ಅಪ್ಪನಿಗೆ ಹೇಳಲಿಲ್ಲ. ಸೊಳ್ಳೆ ಓಡಿಸೋಕೆ ಕೈ ಎತ್ತಿದ್ದಳೋ ಏನೋ, ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋದು ಬೇಡ. ಹೇಳಿದ್ದೇ ಆಗಿದ್ರೆ ಫೋನ್ ಯಾಕೆ ಎತ್ತಲ್ಲ ಅನ್ನೋ ಅನುಮಾನ ಬೇರೆ. ಹೊಲಿಗೆ ಪಕ್ಕಕ್ಕಿಟ್ಟು, ಮಧುಗಿರೀಲಿ ಬಸ್ ಬದಲಾಯಿಸಿ ಪಾವಗಡಕ್ಕೆ ಹೋದೆ.

ನನ್ನ ನೋಡಿದ ತಕ್ಷಣ ಅವಳ ಮುಖ ಇಳೀತು. ಆದ್ರೂ ಅಕ್ಕಾ ಅಕ್ಕಾ ಅಂತ ತೆಲುಗು ಕನ್ನಡ ಕಲಸಿ ಮಾತಾಡಿಸಿದ್ಲು, ಕಾಫಿ ಕೊಟ್ಲು, ಮೇಷ್ಟ್ರ ಮಂಡಿನೋವು ಹೆಂಗಿದೆ ಅಂತ ವಿಚಾರಿಸಿದ್ಲು. ಪ್ರಶಸ್ತಿ ಫಲಕದ ಮೇಲೆ ಒಂದು ಟವಲ್ ಹೊದಿಸಿಟ್ಟಿದ್ಲು. ಬಂದ ಪ್ರಶಸ್ತೀನ ಯಾರಾದ್ರೂ ಮುಚ್ಚಿಡ್ತಾರಾ? ಅದನ್ನ ನೋಡಿ ನನ್ನ ಅನುಮಾನ ಇನ್ನೂ ಬಲವಾಯ್ತು. ಮೈಕಲ್ಲಿ ಏನು ಹೇಳಿದೆ ಅಂತ ನೇರವಾಗಿ ಕೇಳಿದೆ. ಮೇಷ್ಟ್ರ ಹೆಸರು ಹೇಳಿದೆ ಅಂದ್ಲು. ಅಷ್ಟೇನಾ ಅಂದೆ. ಬಾಗಿಲ ಕಡೆ ನೋಡಿದ್ಲು. ನಿಜ ಹೇಳದಿದ್ರೆ ಈ ಮನೆಗೆ ಇನ್ನೊಂದು ಸಲ ಕಾಲಿಡಲ್ಲ ಅಂದ ಮೇಲೆ ಬಾಯಿಬಿಟ್ಲು.

"ಮೇಷ್ಟ್ರು ನಂಗೆ ಪದ ಹೇಳ್ಕೊಟ್ರು, ತಾಳ ತಪ್ಪಿದಾಗ ತಿದ್ದಿದ್ದು ಅವರ ಮಗಳು ಅಂದೆ ಅಕ್ಕಾ. ಮಗಳನ್ನ ಅಡಿಗೆಮನೇಲಿ ಕೂರ್ಸಿ ನನ್ನ ಸ್ಟೇಜಿಗೆ ಹತ್ತಿಸಿದ್ರು, ಆಯಮ್ಮ ಹತ್ತಿದ್ದಿದ್ರೆ ಇದು ನನ್ನ ಕೈಗೆ ಬರ್ತಿರಲಿಲ್ಲ ಅಂದೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಈಗ ಕಟ್ಟಿದ ಕತೆ ಇರಬಹುದಾ ಅಂತಾನೂ ಒಂದು ಗಳಿಗೆ ಅನ್ನಿಸ್ತು. ಆದ್ರೆ ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ. ಅವಳು ನಡುಮನೇಲಿ ಹಾಡ್ತಾ ತಾಳ ಬಿಟ್ರೆ ನಾನು ಒಳಗಿಂದ ಸಾರಿನ ಪಾತ್ರೆ ಅಂಚಿಗೆ ಸೌಟಲ್ಲಿ ತಟ್ಟಿ ತೋರಿಸ್ತಿದ್ದೆ. ನನಗೂ ಕಲಿಸಿ ಅಂತ ಅಪ್ಪನ್ನ ಕೇಳಿ, ಹೆಣ್ಣುಮಕ್ಕಳಿಗೆ ಬೇಡ ಅನ್ನಿಸಿಕೊಂಡಿದ್ದೆ. ಎದುರಿಗೆ ಕೂತು ಕಲೀತಿದ್ದೋಳು ಹೆಣ್ಣುಮಗಳಲ್ವಾ ಅಂತ ಕೇಳೋ ಧೈರ್ಯ ಆಗ ಇರಲಿಲ್ಲ.

ಹೇಳೋದು ಹೇಳಿಬಿಟ್ಟು ಅವಳಿಗೆ ಹೆದರಿಕೆ ಶುರುವಾಯ್ತಂತೆ. ಮೇಷ್ಟ್ರು ಎಲ್ಲರ ಮುಂದೆ ಕೂತು ಇದನ್ನ ಕೇಳಿಸಿಕೊಳ್ತಾರಲ್ಲಾ, ಮುಖ ಹೆಂಗೆ ತೋರಿಸಲಿ ಅಂತ, ಅದಕ್ಕೇ ಫೋನೂ ಎತ್ತಲಿಲ್ಲವಂತೆ. ಟೀವೀಲಿ ಆ ಮಾತು ಬರದೇ ಇದ್ದದ್ದು ನೋಡಿ ಬದುಕಿದೆ ಅಂದುಕೊಂಡಳಂತೆ. ಹೆಸರೂ ಹೋಯ್ತಲ್ಲ ಅಂತ ಆಮೇಲೆ ಅತ್ತಳಂತೆ. ಮೇಷ್ಟ್ರಿಗೆ ಹೇಳಬೇಡಿ ಅಂತ ನನ್ನ ಕೈ ಹಿಡ್ಕೊಂಡ್ಲು. ಹೂಂ ಅಂದೆ.

ಮನೆಗೆ ಬಂದು ಅಪ್ಪನಿಗೆ ಅರ್ಧ ಹೇಳಿದೆ. ನಿಮ್ಮ ಹೆಸರು ಹೇಳಿದಾಳೆ, ಟೀವಿಯೋರು ಕತ್ತರಿಸಿದಾರೆ ಅಂದೆ. ಅವರ ಮುಖ ಅರಳ್ತು. ಆಮೇಲೆ ನಿಧಾನಕ್ಕೆ ನನ್ನ ದಿಟ್ಟಿಸಿದ್ರು. ನನ್ನ ಅನುಮಾನದ ಬುದ್ಧಿ ಅವರಿಂದಲೇ ಬಂದಿದ್ದಲ್ವಾ. ಬರೀ ಹೆಸರನ್ನ ಯಾಕೆ ಕತ್ತರಿಸ್ತಾರೆ, ಮಾತು ಉದ್ದ ಆಗಿರಬೇಕು, ಉಳಿದಿದ್ದೂ ಹೇಳು ಅಂದ್ರು. ಪಾವಗಡದೋಳಿಗೆ ಕೊಟ್ಟ ಮಾತು ನೆನಪಿತ್ತು. ಆದ್ರೆ ಈ ಒಂದು ಮಾತು ಅವರ ಕಿವಿಗೆ ಬೀಳಲಿ ಅನ್ನೋ ಆಸೆ ನನಗೂ ಇತ್ತು. ಹೇಳಿಬಿಟ್ಟೆ. ಅವರು ಆ ವಾರವೆಲ್ಲಾ ನನ್ನ ಜೊತೆ ಊಟ, ಮಾತ್ರೆ ಬಿಟ್ಟು ಬೇರೆ ಮಾತಾಡಲಿಲ್ಲ. ಸಿಟ್ಟು ಬಂದಿದೆ, ಅವಳನ್ನ ಇನ್ನು ಮನೆಗೆ ಸೇರಿಸಲ್ಲ ಅಂದುಕೊಂಡೆ.

ಮುಂದಿನ ಭಾನುವಾರ ಗದೆ ಅಣ್ಣ, ದಾಳದ ಸಾಬರು ತಿರುಗಿ ಬಂದ್ರು. ಈ ವರ್ಷ ಕೊಳಾಲದ ನಾಟಕಕ್ಕೆ ಅವಳನ್ನ ಕರೆಸೋದು ಬೇಡ ಅಂತ ಗದೆ ಅಣ್ಣ ತೀರ್ಮಾನ ಮಾಡ್ಕೊಂಡೇ ಬಂದಿದ್ರು. ಎಷ್ಟಾದ್ರೂ ನಾಟಕದೋಳು, ಅಂಥೋರಿಗೆ ನಿಯತ್ತು ಎಲ್ಲಿಂದ ಬರಬೇಕು ಅಂದ್ರು. ಸಾಬರು ತಲೆ ಆಡಿಸಿದ್ರು.

ಅಪ್ಪ ಅವರನ್ನ ತಡೆದ್ರು. ಟೀವಿಯೋರು ಹಾಕದೇ ಇರೋದನ್ನ ನಾನು ಹೇಳ್ತೀನಿ ಅಂತ, ಅವಳು ಹೇಳಿದ್ದನ್ನೆಲ್ಲಾ ಒಂದು ಮಾತೂ ಬಿಡದೆ ಹೇಳಿದ್ರು. ತನ್ನ ಹೆಸರು ಬರೋ ಕಡೆ ಹಗುರವಾಗಿ, ನನ್ನ ವಿಷಯ ಬರೋ ಕಡೆ ನಿಧಾನವಾಗಿ. ಗದೆ ಅಣ್ಣ ನನ್ನ ಮುಖ ನೋಡಿದ್ರು. ಹೌದಾ ಮೇಷ್ಟ್ರೇ, ಮತ್ತೆ ಮಗಳಿಗೆ ಯಾಕೆ ಕಲಿಸಲಿಲ್ಲ ಅಂತ ಸಾಬರು ಕೇಳಿದ್ರು. ನಾನು ಮಿಷನ್ ತುಳಿಯೋದು ನಿಲ್ಲಿಸಿದೆ.

"ನಾಟಕದೋಳು ಅಂತ ಈಗ ಅಂದ್ರಲ್ಲಪ್ಪಾ, ಅದನ್ನ ನನ್ನ ಮಗಳಿಗೆ ಅಂದ್ಬುಟ್ಟಾರು ಅಂತ ಹೆದರಿಕೆ ಇತ್ತು," ಅಂದ್ರು ಅಪ್ಪ. "ಆ ಹುಡುಗಿಗೆ ಅಂದಾಗ ನಂಗೇನೂ ಅನ್ನಿಸ್ತಿರಲಿಲ್ಲ. ಬೇರೆಯೋರ ಮಗಳು ನೋಡಿ."